ಹದ್ದಿನ ಕಣ್ಣಿಗೆ ಬಿದ್ದ ಸಕ್ಕರಿ

ಸಕ್ಕರಿ ಕಾಯಿಲೆ ಭಾಳ ಗಂಭೀರ ಅಂತ ಡಾಕ್ಟರು ಹೇಳ್ತಾರ. ನನಗ ಬಂದ ದಿನದಿಂದ ಮಾತ್ರ ಊರ ಮಂದಿಗೆ ನಗೂದ ಕೆಲಸ ಆತು.

ಗಜ್ಜರಿ ಹಲ್ವಾ

ಎಪ್ಪತ್ತರ ದಶಕದಾಗ ನಾನು ಖಾನಾಪುರದಿಂದ ಬೆಳಗಾವಿಗೆ ಕಟ್ಟಿಗಿ ಲಾರಿ ಹೊಡೀತಿದ್ದೆ. ನನ್ನ ಕಣ್ಣು ಎಂಥಾವು? ಪಾರಿಶ್ವಾಡದ ಹೊಲದಾಗ ನಿಂತು, ಸಾಂಬ್ರಾಕ್ಕ ಇಳಿಯೋ ವಿಮಾನದ ಪೈಲಟ್ ಗಡ್ಡಾ ಬೋಳಿಸ್ಯಾನೋ ಇಲ್ಲೋ ಹೇಳ್ತಿದ್ದೆ. ಯಾರೂ ಸುಳ್ಳು ಅಂದಿಲ್ಲ, ಹೋಗಿ ನೋಡಿದವರ್ಯಾರು?

ಎಂಬತ್ತರ ಆಚೀಚಿ ಸಕ್ಕರಿ ಗಂಟುಬಿತ್ತು. ನಮ್ಮೂರ ಡಾಕ್ಟರು, "ಕಣ್ಣು ಜ್ವಾಕಿ, ಸಕ್ಕರಿ ಮುಟ್ಟಬ್ಯಾಡ" ಅಂದ್ರು. ನನ್ನ ಹೆಂಡತಿ ಎರಡೂ ಮಾತು ಚಾಚೂ ತಪ್ಪದಂಗ ಪಾಲಿಸಿದಳು. ಕಣ್ಣಿಗೆ ಗಜ್ಜರಿ ಚೊಲೊ ಅಂತ ದಿನಾ ಹಲ್ವಾ ಮಾಡಿದಳು.

"ಇದರಾಗ ಸಕ್ಕರಿ ಇಲ್ಲೇನ?" ಅಂದೆ.

"ನನಗೇನು ತಿಳಿಯೂದಿಲ್ಲೇನ್ರಿ? ಬೆಲ್ಲಾ ಹಾಕೇನಿ."

ಹಲಗಿ ಓದಿದ್ದು

ಅಷ್ಟರಾಗ ಲಾರಿ ಸಾವ್ಕಾರಗ ಸುದ್ದಿ ಮುಟ್ಟಿತು. "ಕಣ್ಣಿನ ಡಾಕ್ಟರು ಹ್ಞೂಂ ಅನ್ನೂತನಕ ಲಾರಿ ಚಾವಿ ಕೊಡೂದಿಲ್ಲ" ಅಂದ. ನನ್ನ ಕಣ್ಣಿಗೆ ಇನ್ನೊಬ್ಬರ ಶಿಫಾರಸು! ಚಾವಿ ಇಲ್ಲದ ಡ್ರೈವರ್ ಅಂದ್ರ ಮನ್ಯಾಗ ಕುಂತು ಹಲ್ವಾ ತಿನ್ನೋ ಪ್ರಾಣಿ. ಹೆಂಡತೀನ ಕರಕೊಂಡು ಬೆಳಗಾವಿ ಕಣ್ಣಿನ ದವಾಖಾನಿಗೆ ಹೋದೆ.

ಸಾಲಿ ಕಟ್ಟಿ ಹತ್ತದವರಿಗೆ ಅಂತ ಗೆರಿ ಬರದ ಹಲಗಿ ಇಟ್ಟಿದ್ರು. ಗೆರಿ ಮಾರಿ ಯಾವ ಕಡಿ ಐತಿ ಅಂತ ಕೈಲೆ ತೋರಿಸಬೇಕು. ಕಟ್ಟಕಡೀ ಸಾಲೂ ತೋರಿಸಿದೆ. "ಅದರ ಕೆಳಗ ಇರುವಿಯಂಥ ಅಕ್ಷರ ಅದಾವ್ರಿ, ಕಾಣಸ್ತಾವು, ಓದಾಕ ಬರೂದಿಲ್ಲ ಅಷ್ಟ" ಅಂದೆ.

ಡಾಕ್ಟರು ಹೌಹಾರಲಿಲ್ಲ. ಕಣ್ಣಪಾಪಿ ಅಗಲ ಆಗೂ ಹನಿ ಹಾಕಿ, ಬ್ಯಾಟರಿ ಹಿಡಿದು ಇಣಕಿದ್ರು. "ಹಿಂದಿನ ಪರದಾದಾಗ ಸಣ್ಣ ರಕ್ತನಾಳ ಉಬ್ಬ್ಯಾವು. ಕೆಂಪು ಚುಕ್ಕಿ ಬಿದ್ದಾವು, ಒಂದೆರಡು ಕಡಿ ಜಿನುಗಾಕ ಹತ್ತೇತಿ."

"ಕಣ್ಣು ನಂದು, ಚುಕ್ಕಿ ನನಗ ಕಾಣವಲ್ದು, ನಿಮಗ ಹೆಂಗ ಕಾಣಸ್ತೈತ್ರಿ?"

"ನಡುವಿನ ಜಾಗಾಕ್ಕ ಇನ್ನೂ ಬಂದಿಲ್ಲ. ಅದಕ್ಕ ನಿನಗ ಗೊತ್ತಾಗವಲ್ದು. ನಿನ್ನ ರೇಡಿಯೇಟರ್ ಸೋರಾಕ ಹತ್ತಿದ್ರ ಗಾಡಿ ಅವತ್ತ ನಿಲ್ಲತೈತೇನು?"

"ಇಲ್ರಿ."

"ಹಂಗಂತ ಓಡಸ್ತೀಯೇನು?"

"ಓಡಸ್ತೇನ್ರಿ," ಅಂದೆ. "ನೀರು ಸುರಕೋತ ಗೋವಾದತನಕ ಹೋಗೇನಿ."

ಡಾಕ್ಟರು ನನ್ನ ಬಿಟ್ಟು, ಬಾಗಿಲದಾಗ ನಿಂತಿದ್ದ ನನ್ನ ಹೆಂಡತಿಗೆ ಪಥ್ಯ ಹೇಳಾಕ ಶುರು ಮಾಡಿದ್ರು. ಬೆಲ್ಲಾನೂ ಬಂದ್.

ಆಟೋ ನಗರದ ಸವಾರಿ

"ಆರು ತಿಂಗಳಿಗೊಮ್ಮೆ ಬಂದು ತೋರಸು. ಹನಿ ಹಾಕೇನಿ, ಇವತ್ತು ಮಾತ್ರ ಗಾಡಿ ಮುಟ್ಟಬ್ಯಾಡ" ಅಂದಿದ್ರು. ಹೆಂಡತೀನ ಬಸ್ಸಿಗೆ ಹತ್ತಿಸಿ ಸೀದಾ ಆಟೋ ನಗರಕ್ಕ ಹೋದೆ. ನಮ್ಮ ಲಾರಿ ಅಲ್ಲೇ ರಿಪೇರಿಗೆ ಮಿಸ್ತ್ರಿ ಕಡೆ ಇತ್ತು, ಸಾವ್ಕಾರನೂ ಅಲ್ಲೇ ನಿಂತಿದ್ದ. ಬಿಸಿಲಾಗ ಇಡೀ ಬೆಳಗಾವಿ ಸುಣ್ಣಾ ಹೊಡದಂಗ ಬೆಳ್ಳಗ, ನನ್ನ ಕೈನೂ ನನಗ ಮಬ್ಬು.

ಸಾವ್ಕಾರ, "ಏನಂದ್ರು?" ಅಂದ.

"ಇಂಥಾ ಕಣ್ಣು ಜಿಲ್ಲಾದಾಗ ಇಲ್ಲ ಅಂದ್ರು. ನೋಡ್ರಿ ಈಗ!"

ಮಿಸ್ತ್ರಿ ಚಾವಿ ಲಾರ್‍ಯಾಗ ಬಿಟ್ಟಿದ್ದ. ಹತ್ತಿ ಚಾಲೂ ಮಾಡಿ, ಗೇರ್ ಹಾಕಿ ಒತ್ತಿದೆ. ಆಹಾ, ಏನು ಗಾಡಿ! ಒಂದು ಗುದ್ದು ಇಲ್ಲ, ಕುಲುಕಿಲ್ಲ. ಮುನಿಸಿಪಾಲ್ಟಿಯವರು ಯಾವಾಗ ಇಂಥಾ ರಸ್ತೆ ಮಾಡಿದ್ರು ಅಂತ ಬೆರಗಾದೆ. ಟಾಪ್ ಗೇರ್ ಹಾಕಿ, ಹಾರ್ನ್ ಹೊಡದು, ಮಗ್ಗಲಕ ಹೊಳ್ಳಿ ನೋಡ್ತೇನಿ, ಸಾವ್ಕಾರ ಕಿಟಕಿ ಬಾಜೂಕ ಅದಾನ!

ನನಗ ಅಂತಃಕರಣ ಉಕ್ಕಿ ಬಂತು. "ಸಾವ್ಕಾರ್ರ, ಇಷ್ಟ ಜೋರ ಓಡಬ್ಯಾಡ್ರಿ, ಎದಿ ಒಡದೀತು!"

ಸಾವ್ಕಾರ ಬೀಡಿ ಹಚ್ಚಿದ. "ನಾ ಇಲ್ಲೇ ನಿಂತೇನಿ ಡ್ರೈವರ್ ಸಾಹೇಬ್ರ, ನೀವೂ ಇಲ್ಲೇ ಜಾಕಿ ಮ್ಯಾಲೆ ಅದೀರಿ. ಆರೂ ಗಾಲಿ ಮಾತ್ರ ಪಂಕ್ಚರ್ ಅಂಗಡಿಗೆ ಹೋಗ್ಯಾವು. ಅವು ಬಂದ ಮ್ಯಾಲೆ ಇಳೀತೀರೋ, ಈಗ ಚಾವಿ ಕೊಡ್ತೀರೋ?"