ಹೆಸರು ಹೇಳಿದರೆ ಬಿಡುವ ಬೂಟು

"ಕಾಕಾ, ಇದು ಬರೀ ಪೆಡಲ್ ಅಲ್ಲ, ಮಾತು ಕೇಳೋ ಪೆಡಲ್!" ಎಂದು ಪಕ್ಕದ ಮನೆಯ ಗುರುಪಾದಪ್ಪ ಸೈಕಲ್ಲಿನ ಮೇಲೆ ಕೈಯಾಡಿಸಿದ. ಹೋದ ಸಲ ಅವನ ರೊಟ್ಟಿ ಬಡಿಯುವ ಯಂತ್ರ ನನ್ನ ಬೆನ್ನು ಬಡಿದಿತ್ತು. ನಾನು ದೂರವೇ ನಿಂತೆ.

ಅವನ ಹೆಂಡತಿ ನೀಲವ್ವ ವಿಜಯಪುರದ ಹೆಂಗಸರ ಸೈಕಲ್ ಜಾಥಾಕ್ಕೆ ಹೆಸರು ಕೊಟ್ಟಿದ್ದಳು. ಮರುದಿನವೇ ಜಾಥಾ. ಅವಳು ಸೈಕಲ್ ಕಲಿತದ್ದು ಮೊನ್ನೆ ಮೊನ್ನೆ. ಹೊಸಬರಿಗೆ ಸಾದಾ ಪೆಡಲ್ಲೇ ಸಾಕು ಎಂದು ಅಂಗಡಿಯವನು ಬಡಕೊಂಡರೂ ಗುರುಪಾದಪ್ಪ ಕ್ಲಿಪ್‌ಲೆಸ್ ಪೆಡಲ್ಲನ್ನೇ ತಂದು, ಅದಕ್ಕೊಂದು ಮೋಟರನ್ನೂ ಕೂಡಿಸಿದ. ಹೆಸರು ಕ್ಲಿಪ್‌ಲೆಸ್, ಆದರೆ ಬೂಟು ಅದಕ್ಕೆ ಕ್ಲಿಪ್ಪಾಗಿಯೇ ಕೂರುತ್ತದೆ! ಈ ಹೆಸರಿಟ್ಟವನು ಗುರುಪಾದಪ್ಪನ ನೆಂಟನೇ ಇರಬೇಕು.

"ಬಿಡಿಸ್ಕೊಳ್ಳಾಕ ಎಲ್ಲಾರೂ ಹಿಮ್ಮಡಿ ತಿರುವ್ತಾರ. ನಮ್ಮದರಾಗ ಆ ತ್ರಾಸಿಲ್ಲ. ಹಾಕ್ಕೊಂಡಾಕಿ ನನ್ನ ಹೆಸರು ಅಂದ್ರ ಸಾಕು, ತಾನಾಗೇ ಬಿಡ್ತೈತಿ."

ಅಷ್ಟರಲ್ಲಿ ನೀಲವ್ವ ಬೂಟು ತೊಟ್ಟು ಮನೆ ಮುಂದಿನ ಮೈದಾನ ಸುತ್ತತೊಡಗಿದ್ದಳು.

"ರೀ, ನಿಂದರಸ್ರಿ!"

"ನನ್ನ ಹೆಸರು ಹೇಳ!"

"ಅತ್ತಿಯಾರು ಕಟ್ಟಿ ಮ್ಯಾಲ ಕುಂತಾರ, ಹೆಂಗ ಹೇಳ್ಲಿ?"

ಗಂಡನ ಹೆಸರನ್ನು ಅವಳು ಲಗ್ನದ ದಿನ ಒಡಪಿನಲ್ಲಿ, ಅಂದರೆ ಗಂಡ-ಹೆಂಡಿರು ಒಬ್ಬರ ಹೆಸರನ್ನೊಬ್ಬರು ಪ್ರಾಸದಲ್ಲಿ ಹೆಣೆಯುವ ಸಾಲಿನಲ್ಲಿ, ಹೇಳಿದ್ದೇ ಕೊನೆ. "ಮನಿಯವ್ರು" ಅಂದಳು, ಮಗಳ ಹೆಸರು ಹಿಡಿದು "ಸುವರ್ಣಾನ ಅಪ್ಪಾರು" ಅಂದಳು. ಪ್ರತಿ ಸಲವೂ ಸೈಕಲ್ ಇನ್ನಷ್ಟು ಜೋರಾಯಿತು.

"ತಪ್ಪು ಹೆಸರಿಗೆ ಮೋಟರ್ ಜೋರಾಗ್ತೈತಿ ಕಾಕಾ. ಕಳ್ಳರ ಸಲುವಾಗಿ ಇಟ್ಟೀನಿ."

"ಕಳ್ಳ ಇನ್ನೂ ಲಗೂನ ಓಡಿ ಹೋಗ್ತಾನಲ್ಲೋ?"

"ಅದನ್ನ ವಿಚಾರ ಮಾಡಿದ್ದಿಲ್ಲ."

ನಾನೇ ಅವನ ಹೆಸರು ಕೂಗಿದೆ. ತೊಟ್ಟವರ ದನಿ ಬಿಟ್ಟರೆ ಬೂಟು ಯಾರ ಮಾತೂ ಕೇಳದು. ಮುಂದೆ ಬಾಯ್ದೆರೆದ ಗಟಾರ. ನಗು ಹಾರಿಹೋಗಿ ನಾನು ಅತ್ತ ಓಡಿದೆ.

ಆಗ ಅತ್ತೆ ಎದ್ದು ನಿಂತರು. "ಒಡಪ ಕಟ್ಟಿ ಹೇಳವಾ, ನಾ ಏನೂ ಅನ್ನಂಗಿಲ್ಲ!"

ನೀಲವ್ವ ಕಣ್ಣು ಮುಚ್ಚಿ ಕೂಗಿದಳು:

"ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಇಟ್ಟೆ,
ಗುರುಪಾದಪ್ಪನ ಬೂಟು ನಂಬಿ ಕೆಟ್ಟೆ!"

ಬೂಟು ಟಕ್ಕೆಂದು ಬಿಟ್ಟವು. ಅವಳು ಹುಲ್ಲಿನ ಮೇಲೆ ಉರುಳಿದಳು. ಸೈಕಲ್ ಗಟಾರದ ಅಂಚಿಗೆ ನಿಂತಿತು.

ಆದರೆ ಯಂತ್ರಕ್ಕೆ ಒಡಪಿನ ರುಚಿ ಹತ್ತಿಬಿಟ್ಟಿತ್ತು! ಮರುದಿನ ಪರೀಕ್ಷೆ ಮಾಡಲು ಗುರುಪಾದಪ್ಪ ತಾನೇ ಬೂಟು ತೊಟ್ಟು ಹೊರಟ. ತನ್ನ ಹೆಸರು ಹೇಳಿದ. ಬೂಟು ಜಪ್ಪಯ್ಯ ಅನ್ನಲಿಲ್ಲ. ಅದಕ್ಕೆ ಈಗ ಹೆಂಡತಿಯ ಹೆಸರೇ ಬೇಕು, ಅದೂ ಪ್ರಾಸ ಕೂಡಿಸಿ. ನೀಲವ್ವ ಸಾದಾ ಪೆಡಲ್ಲಿನ ಬಾಡಿಗೆ ಸೈಕಲ್ಲಿನಲ್ಲಿ ಜಾಥಾ ಮುಗಿಸಿ ಬಂದಾಗಲೂ ಅವನು "ನೀಲವ್ವ... ನೀಲವ್ವ..." ಎನ್ನುತ್ತ ಸುತ್ತುತ್ತಲೇ ಇದ್ದ.

"ಒಂದು ಸಾಲು ಹೇಳಿಕೊಡವಾ," ಎಂದೆ.

ಅವಳು ಕಟ್ಟೆಯ ಮೇಲೆ ಆರಾಮಾಗಿ ಕಾಲು ಚಾಚಿದಳು. "ಇಷ್ಟು ವರ್ಷ 'ಏ ಇಕಿನ' ಅಂತಿದ್ರು ಕಾಕಾ. ಹೆಸರು ಹಿಡದು ಕರೆಯೋದು ಇವತ್ತ ಕೇಳಾಕತ್ತೀನಿ. ಇನ್ನೊಂದೆರಡು ಸುತ್ತು ಹಾಕ್ಲಿ."