ಕರೆಂಟ್ ಅಣ್ಣ ಹೇಳಿಕೊಟ್ಟ ನಾಲ್ಕು ಪಾಠ

"ಪುಸ್ತಕ ಮುಚ್ಚಿಡು! ಇವತ್ತು ನಿನಗೆ ಪಾಠ ಮಾಡೋನು ನಾನು!"

ಬೆಳಿಗ್ಗೆ ಎಂಟು ಗಂಟೆಗೆ, ಹಲ್ಲುಜ್ಜಿದ ಬ್ರಷ್ಷನ್ನೇ ರಾಜದಂಡದಂತೆ ಎತ್ತಿ ಹಿಡಿದು ಕರೆಂಟ್ ಅಣ್ಣ ಹೀಗೆ ಘೋಷಿಸಿದಾಗ, ಅವನ ಹೆಂಡತಿ ಹೊಲಿಗೆ ಯಂತ್ರದ ಮೇಲೆ ಪುಸ್ತಕ ಹರಡಿಕೊಂಡು, ಕಣ್ಣು ಮುಚ್ಚಿ ಬಾಯಿಪಾಠ ಮಾಡುತ್ತಿದ್ದಳು. ಅವಳಿಗೆ ನಲವತ್ತೊಂದು ವರ್ಷ. ಮಧ್ಯಾಹ್ನ ಎರಡಕ್ಕೆ ಹತ್ತನೇ ತರಗತಿಯ ಭೌತವಿಜ್ಞಾನದ ಪರೀಕ್ಷೆ!

ಬೀದಿಯ ಅರ್ಧ ಜನರ ಮೈಮೇಲಿನ ಬಟ್ಟೆ ಅವಳು ಹೊಲಿದದ್ದೇ. ಹೊಲಿಗೆ ತರಬೇತಿ ಶಾಲೆಯವರು ಅವಳ ಕೈಗುಣ ನೋಡಿ "ಟೀಚರಾಗಿ ಬಂದುಬಿಡಿ" ಎಂದು ಮನೆಗೇ ಬಂದು ಕರೆದಿದ್ದರು. ಆದರೆ ಹತ್ತನೇ ತರಗತಿ ಪಾಸಾಗಿರಲೇಬೇಕಂತೆ. ಉಳಿದೆಲ್ಲ ವಿಷಯಗಳನ್ನು ಅವಳು ಸಲೀಸಾಗಿ ದಾಟಿದ್ದಳು. ಭೌತವಿಜ್ಞಾನ ಮಾತ್ರ ಕಳೆದ ಸಲ ನಾಲ್ಕೇ ನಾಲ್ಕು ಅಂಕದಲ್ಲಿ ಕೈಕೊಟ್ಟಿತ್ತು. ಈ ಸಲವೂ ಹೋದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಶಾಲೆಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಇಪ್ಪತ್ತು ವರ್ಷದಿಂದ ಕರೆಂಟನ್ನ ಕೈಯಲ್ಲಿ ಆಡಿಸಿದೋನು ನಾನು. ನನ್ನಂಥ ಗಂಡನ್ನ ಮನೇಲಿಟ್ಕೊಂಡು ನೀನು ಬಾಯಿಪಾಠ ಮಾಡೋದಾ? ನನ್ನ ಮಾನ ಏನಾಗಬೇಕು?"

"ನೀವು ಅದನ್ನ ಆಡಿಸಿದ್ರೋ, ಅದು ನಿಮ್ಮನ್ನ ಆಡಿಸ್ತೋ?"

ಕರೆಂಟ್ ಅಣ್ಣ ಈ ಕುಹಕವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೀದಿಯಲ್ಲಿ ಯಾರ ಮನೆಯ ದೀಪ ಆರಿದರೂ ಓಡಿ ಬಂದು ಕರೆಯುವುದು ಅವನನ್ನೇ. ಅಂಥವನು ಅವತ್ತಿನ ಕೆಲಸಕ್ಕೆ ರಜೆ ಹಾಕಿ, ಉಳಿದ ನಾಲ್ಕು ಪಾಠಗಳನ್ನು ಊಟದೊಳಗೆ ಮುಗಿಸುವ ಪಣ ತೊಟ್ಟಿದ್ದ. ಕಾಂತತ್ವ, ವಿದ್ಯುತ್ತು, ಅನಿಲದ ಒತ್ತಡ, ಬಲ. ಓದುವುದು ಗೀದುವುದು ಇಲ್ಲ. ಎಲ್ಲ ಪ್ರಯೋಗ!

ಮೊದಲು ಕಾಂತತ್ವ. ಹಳೇ ಧ್ವನಿವರ್ಧಕವೊಂದನ್ನು ಬಿಚ್ಚಿ ತೆಗೆದ, ಮುಷ್ಟಿಗಾತ್ರದ ಆಯಸ್ಕಾಂತವನ್ನು ಹಿಡಿದುಕೊಂಡು ಬಂದ. "ಮಜಾ ನೋಡು!" ಎನ್ನುತ್ತ ಅವಳ ಸೂಜಿಪೆಟ್ಟಿಗೆಯ ಮೇಲೆ ಒಂದು ಸಲ ಆಡಿಸಿದ. ಅಬ್ಬಬ್ಬಾ! ಸೂಜಿ, ಗುಂಡುಪಿನ್ನು, ಹುಕ್ಕು, ಪುಟ್ಟ ಕತ್ತರಿ ಎಲ್ಲವೂ ಜಾತಿಮತ ನೋಡದೆ ಹಾರಿ ಬಂದು ಅಂಟಿಕೊಂಡವು. ಆಯಸ್ಕಾಂತವನ್ನು ಕಿತ್ತು ದೂರ ಇಟ್ಟರೂ ಸೂಜಿಗಳು ಒಂದನ್ನೊಂದು ಬಿಡಲು ಒಪ್ಪಲಿಲ್ಲ.

"ಅಮ್ಮಾ, ಇದೇ ಪ್ರೇರಿತ ಕಾಂತತ್ವ," ಎಂದಳು ಕಾಲೇಜಿಗೆ ಹೋಗುವ ಮಗಳು, ನಗು ತಡೆದುಕೊಂಡು.

"ಪ್ರೇರಿತಾನೋ ಗೀರಿತಾನೋ, ಇದನ್ನ ಬಿಡಿಸೋರ್ ಯಾರು? ಒಂದು ಸೂಜಿ ಎತ್ತಿದ್ರೆ ಒಂಬತ್ತು ಬರ್ತಿವೆ!"

"ಅಷ್ಟೇನಾ? ಬಡಿದರೆ ಕಾಂತತ್ವ ಹೋಗುತ್ತೆ. ಕಾಸಿದರೂ ಹೋಗುತ್ತೆ," ಎಂದ ಪಂಡಿತೋತ್ತಮ. ಬಡಿದ, ಐದು ಸೂಜಿ ತುಂಡಾದವು. ಕಾಸಿದ, ಆರು ಸೂಜಿ ಕಪ್ಪಾಗಿ, ಬಟ್ಟೆಗೆ ಚುಚ್ಚಿದರೆ ತಾವೇ ಬಾಗತೊಡಗಿದವು.

"ಸರಿ, ತಿಳೀತು. ಕಾಸಿದ್ರೆ, ಬಡಿದ್ರೆ ಕಾಂತತ್ವ ಹೋಗುತ್ತೆ. ಜೊತೆಗೆ ಸೂಜಿಯೂ ಹೋಗುತ್ತೆ," ಎಂದು ಹೆಂಡತಿ ಹಲ್ಲು ಕಡಿದಳು.

ಎರಡನೆಯದು ವಿದ್ಯುತ್ತು. ಇಲ್ಲಿ ನೋಡಿ, ಕರೆಂಟ್ ಅಣ್ಣನ ಗತ್ತು! ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬಿಡಿಸಿದ. ವಿಭವಾಂತರ ಎಂದ, ರೋಧ ಎಂದ, ಸರಣಿ ಜೋಡಣೆ ಎಂದ, ಸಮಾಂತರ ಜೋಡಣೆ ಎಂದ, ಫ್ಯೂಸು ಯಾಕೆ ಕರಗುತ್ತದೆಂದು ವಿವರಿಸಿದ. ಒಂದೂವರೆ ಗಂಟೆ ಮಾತಾಡಿದರೂ ಒಂದೇ ಒಂದು ತಪ್ಪಿಲ್ಲ. ದೊಡ್ಡ ಎಂಜಿನಿಯರ್ ಬಂದು ಕೂತಿದ್ದರೂ ತಲೆ ಬಾಗಿಸಬೇಕಿತ್ತು! ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವನ ತಾಯಿ "ನನ್ನ ಮಗ ಇಷ್ಟೆಲ್ಲಾ ಕಲ್ತಿದಾನಾ!" ಎಂದು ಮೂಗಿನ ಮೇಲೆ ಬೆರಳಿಟ್ಟರು. ಅವನ ಎದೆ ಎರಡು ಅಂಗುಲ ಉಬ್ಬಿತು.

ಗಂಟೆ ಹನ್ನೊಂದೂವರೆ. ಈಗ ಅನಿಲದ ಒತ್ತಡ. ಹೆಂಡತಿ ಗುಂಡಿ, ಜಿಪ್ಪು ಇಡುತ್ತಿದ್ದ ಸ್ಟೀಲ್ ಡಬ್ಬವೊಂದಿತ್ತು. ಮುಚ್ಚಳಕ್ಕೆ ಒಳಗಡೆ ರಬ್ಬರ್ ಬಳೆ ಇದ್ದುದರಿಂದ ಗಾಳಿ ನುಸುಳಲು ಜಾಗವೇ ಇಲ್ಲ. ಅವಳು ಸ್ನಾನಕ್ಕೆ ಹೋಗಿದ್ದಾಗ ಕರೆಂಟ್ ಅಣ್ಣ ಅದನ್ನು ಬರಿದು ಮಾಡಿ, ಒಲೆಯ ಮೇಲಿಟ್ಟು ಒಳಗಿನ ಗಾಳಿ ಚೆನ್ನಾಗಿ ಕಾಯುವ ತನಕ ಬಿಸಿ ಮಾಡಿದ. ಕೆಳಗಿಳಿಸಿದ ಮೇಲೆ ಅವನಿಗೊಂದು ಅಮೋಘ ಯೋಚನೆ ಬಂತು. ಒಳಗೆ ಬೆಲೆಬಾಳುವ ವಸ್ತುವಿದ್ದರೆ ಪಾಠ ತಲೆಗೆ ಹತ್ತುತ್ತದಲ್ಲವೇ? ಅವಳ ಚೀಲದಿಂದ ಒಂದು ಕಾಗದ ತೆಗೆದು, ಕರವಸ್ತ್ರದಲ್ಲಿ ಸುತ್ತಿ ಒಳಗಿಟ್ಟು, ಮುಚ್ಚಳ ಒತ್ತಿ, ಡಬ್ಬವನ್ನು ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿದ.

"ಬಾ ಇಲ್ಲಿ. ತಣ್ಣಗಾದರೆ ಒಳಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತೆ. ಹೊರಗಿನ ಗಾಳಿ ಮುಚ್ಚಳವನ್ನ ಅದುಮಿ ಹಿಡಿಯುತ್ತೆ. ಎಳಿ ನೋಡೋಣ!"

ಅವಳು ಎಳೆದಳು. ಬರಲಿಲ್ಲ.

"ಹೆಂಗಸರ ಕೈ! ಕೊಡು ಇಲ್ಲಿ," ಎಂದು ಅವನು ಎಳೆದ. ಬರಲಿಲ್ಲ. ಅಂಗಿಯ ತೋಳು ಮಡಚಿ ಎಳೆದ. ಕುಕ್ಕರಗಾಲಲ್ಲಿ ಕೂತು, ಡಬ್ಬವನ್ನು ಮೊಣಕಾಲ ನಡುವೆ ಇರುಕಿಸಿಕೊಂಡು ಎಳೆದ. ಬೆವರು ಕಿತ್ತುಕೊಂಡು ಬಂತೇ ಹೊರತು ಮುಚ್ಚಳ ಬರಲಿಲ್ಲ.

ಮಗಳು ಕಾಗದದ ಮೇಲೆ ಲೆಕ್ಕ ಹಾಕಿದಳು. "ಅಪ್ಪಾ, ಮೂವತ್ತು ಕೆಜಿ ಭಾರ ಮುಚ್ಚಳದ ಮೇಲೆ ಕೂತ ಹಾಗಾಗಿದೆ."

"ಹೋಗ್ಲಿ ಬಿಡಿ," ಎಂದಳು ಹೆಂಡತಿ. "ಖಾಲಿ ಡಬ್ಬ ತಾನೆ, ನಾಳೆ ತೆಗೆದರಾಯ್ತು."

"ಖಾಲಿ ಏನಲ್ಲ..."

"ಮತ್ತೆ? ಒಳಗೇನಿದೆ?"

"ಏನಿಲ್ಲ ಕಣೇ. ಒಂದು ಸಣ್ಣ ಕಾಗದ."

"ಯಾವ ಕಾಗದ?"

"ಅದೇ... ನಿನ್ನ ಫೋಟೋ ಇರೋದು."

"ಹಾಲ್ ಟಿಕೆಟ್ಟಾ?!"

ಆ ಕೂಗಿಗೆ ಎದುರುಮನೆಯ ಕಿಟಕಿ ತೆರೆದುಕೊಂಡಿತು. ಕರೆಂಟ್ ಅಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ಒಂದು ಗಂಟೆಗೆ ಬಸ್ಸು, ಈಗಾಗಲೇ ಹನ್ನೆರಡೂ ಕಾಲು!

ಆಮೇಲೆ ನಡೆದದ್ದು ಯುದ್ಧ. ತಾಯಿ ತಳ ಹಿಡಿದರು, ಮಗ ಮುಚ್ಚಳ ಹಿಡಿದ. ಇವರು ಆ ಕಡೆ ಎಳೆದಷ್ಟೇ ಅವನು ಈ ಕಡೆ ಎಳೆದ. ಇಬ್ಬರೂ ಇದ್ದಲ್ಲೇ ಇದ್ದರು. ಸ್ಕ್ರೂಡ್ರೈವರ್ ತೂರಿಸಲು ಸಂದೇ ಸಿಗಲಿಲ್ಲ. ಜಾರಿ ಬರಲಿ ಎಂದು ಮುಚ್ಚಳದ ಸುತ್ತ ಹೊಲಿಗೆ ಯಂತ್ರದ ಎಣ್ಣೆ ಸುರಿದ. ಜಾರಿತು ನಿಜ, ಮುಚ್ಚಳವಲ್ಲ, ಅವನ ಕೈ! ಎಳೆದ ರಭಸಕ್ಕೆ ಹಿಂದಕ್ಕೆ ಹಾರಿ, ಬಕೆಟ್ಟಿನ ನೀರಿನಲ್ಲಿ ಸರಿಯಾಗಿ ಆಸೀನನಾದ.

"ಘರ್ಷಣೆ ಇಲ್ಲದಿದ್ರೆ ಹಿಡಿತಾನೂ ಇರಲ್ಲ ಅಪ್ಪಾ. ನಾಲ್ಕನೇ ಪಾಠಾನೂ ಮುಗೀತು," ಎಂದಳು ಮಗಳು.

ಅವನು ತೊಟ್ಟಿಕ್ಕುತ್ತಲೇ ಎದ್ದು ಹೋಗಿ ಡ್ರಿಲ್ಲಿಂಗ್ ಮಷಿನ್ ತಂದ. ಹೆಂಡತಿ ಡಬ್ಬವನ್ನು ಎದೆಗವಚಿಕೊಂಡಳು.

"ಬೇಡ! ಟಿಕೆಟ್ಟಿಗೇ ತೂತು ಬಿದ್ದರೆ?" ಅವಳ ಕಣ್ಣು ತುಂಬಿತು. "ನಾಲ್ಕು ಅಂಕದಲ್ಲಿ ಫೇಲಾಗಿದ್ದಕ್ಕಾದ್ರೂ ಒಂದು ಮರ್ಯಾದೆ ಇತ್ತು. ಡಬ್ಬದಿಂದ ಫೇಲಾದೆ ಅಂತ ಯಾರ ಹತ್ರ ಹೇಳ್ಕೊಳ್ಳಲಿ?"

ಕರೆಂಟ್ ಅಣ್ಣ ಮಷಿನ್ ಕೆಳಗಿಟ್ಟ. ಮನೆಗೆಲಸ, ಹೊಲಿಗೆ ಎಲ್ಲ ಮುಗಿಸಿ ಎರಡು ವರ್ಷ ಓದಿದವಳು ಅವಳು. ಅವನು ಜಂಬಕ್ಕೆ ಬಿದ್ದು ಅಷ್ಟನ್ನೂ ಒಂದು ಡಬ್ಬದೊಳಗೆ ಹಾಕಿ ಮುಚ್ಚಿಬಿಟ್ಟಿದ್ದ. ಒದ್ದೆ ಪ್ಯಾಂಟಿನಲ್ಲೇ ಹೋಗಿ ಅವಳ ಪಕ್ಕ ಕೂತ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಏನಂದ್ರಿ ನೀವು? ತಣ್ಣಗಾದ್ರೆ ಒಳಗಿನ ಒತ್ತಡ ಕಡಿಮೆ, ಅಲ್ವಾ?"

"ಹೂಂ."

"ಹಾಗಿದ್ರೆ ಬಿಸಿ ಮಾಡಿದ್ರೆ ಜಾಸ್ತಿ ಆಗ್ಬೇಕಲ್ಲ?"

ಯಾರ ಉತ್ತರಕ್ಕೂ ಕಾಯದೆ ಅಡುಗೆಮನೆಗೆ ನಡೆದಳು. ಕುದಿಯುವ ನೀರಿನ ಪಾತ್ರೆಯೊಳಗೆ ಡಬ್ಬ ನಿಲ್ಲಿಸಿದಳು. ಐದು ನಿಮಿಷ ಎಲ್ಲರೂ ಒಲೆಯ ಸುತ್ತ ನಿಂತು ಗಡಿಯಾರ ನೋಡಿದರು. ಆಮೇಲೆ ಬಟ್ಟೆಯಲ್ಲಿ ಹಿಡಿದು ಎರಡು ಬೆರಳಲ್ಲಿ ಮುಚ್ಚಳ ಎತ್ತಿದಳು. "ಪುಸ್" ಎಂದಿತು, ಬಂತು! ಟಿಕೆಟ್ಟಿನ ಫೋಟೋದಲ್ಲಿ ಅವಳು ಬೆಚ್ಚಗೆ ಕೂತಿದ್ದಳು.

ಸಂಜೆ ಐದಕ್ಕೆ ಪರೀಕ್ಷಾ ಕೇಂದ್ರದ ಗೇಟಿನ ಮುಂದೆ, ಇಸ್ತ್ರಿ ಅಂಗಿ ತೊಟ್ಟು ಕರೆಂಟ್ ಅಣ್ಣ ಹಾಜರಿದ್ದ. ಬೆಳಗಿನ ಜಂಬದಲ್ಲಿ ಮುಕ್ಕಾಲು ಪಾಲು ವಾಪಸ್ಸು ಬಂದಿತ್ತು.

"ಕಾಂತತ್ವ ಹೇಗಾಯ್ತು?"

"ಪೂರ್ತಿ ಬರೆದೆ. ಸೂಜಿ ಹಾಳಾಗಿದ್ದನ್ನ ಮಾತ್ರ ಬಿಟ್ಟೆ."

"ಒತ್ತಡ?"

"ಡಬ್ಬದ ಚಿತ್ರಾನೂ ಬರೆದು ಬಂದೆ."

"ಬಲ, ಘರ್ಷಣೆ?"

"ನೀವು ಬಕೆಟ್ಟಿನಲ್ಲಿ ಕೂತಿದ್ದು ನೆನಪಾಯ್ತು, ಉತ್ತರ ತಾನಾಗೇ ಬಂತು. ಯಾಕಮ್ಮಾ ನಗ್ತೀಯ ಅಂತ ಮೇಡಂ ಬೈದ್ರು."

"ಇನ್ನು ವಿದ್ಯುತ್ತು! ಅದನ್ನ ಕೇಳೋದೇ ಬೇಡ!"

ಅವಳು ಬೇರೆ ಕಡೆ ನೋಡಿದಳು. "ಒಂದಕ್ಷರಾನೂ ಹೊಳೀಲಿಲ್ಲ ರೀ."

"ಏನು! ಒಂದೂವರೆ ಗಂಟೆ ಹೇಳಿಕೊಟ್ಟೆನಲ್ಲೇ! ಒಂದು ತಪ್ಪಿಲ್ಲದೆ!"

"ತೊಂದರೆ ಆಗಿದ್ದೇ ಅದರಿಂದ. ನೀವು ತಪ್ಪೇ ಮಾಡ್ಲಿಲ್ಲ. ಕಣ್ಣು ಬಿಟ್ಕೊಂಡೇ ನಿದ್ದೆ ಹೋಗ್ಬಿಟ್ಟೆ."

ಫಲಿತಾಂಶ ಬಂದಾಗ ಅವಳಿಗೆ ಅರವತ್ತೆಂಟು ಅಂಕ. ಪಾಸು! ಕರೆಂಟ್ ಅಣ್ಣ ಆ ಅಂಕಪಟ್ಟಿ ಹಿಡಿದು ಬೀದಿಯ ಮನೆಮನೆಯ ಬಾಗಿಲು ತಟ್ಟಿದ. "ನನ್ನ ಹೆಂಡತಿ ಇನ್ಮೇಲೆ ಟೀಚರು! ಪಾಠ ಹೇಳಿಕೊಟ್ಟೋನು ನಾನೇ!" ಎನ್ನುತ್ತ ಎಲ್ಲರ ಕೈಗೂ ಸಕ್ಕರೆ ಸುರಿದ.

ಮರುದಿನವೇ ಮೂಲೆಮನೆಯ ನರ್ಸಮ್ಮ ಬಂದರು. "ಅಣ್ಣಾ, ನನ್ನ ಮಗಳಿಗೂ ಈ ಭೌತವಿಜ್ಞಾನ ತಲೆಗೇ ಹತ್ತಲ್ಲ. ನೀವೇ ಸ್ವಲ್ಪ ಹೇಳಿಕೊಡಬೇಕು."

ಕರೆಂಟ್ ಅಣ್ಣ ಗಂಟಲು ಸರಿ ಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಹೊಸ ಟೀಚರಮ್ಮನ ಧ್ವನಿ ಬಂತು.

"ಧಾರಾಳವಾಗಿ ಕಳಿಸಿ ಅಕ್ಕಾ! ಆದ್ರೆ ಇವರಿಗೆ ಗೊತ್ತಿರೋ ಪಾಠ ಮಾತ್ರ ಹೇಳಿಸ್ಕೋಬೇಡಿ!"