ಅಣ್ಣನ ಕನ್ಯಾ, ನನ್ನ ಸೋಡಾ

ಅರ್ಧಾ ಕೆಮಿಸ್ಟ್ರಿ ಕಲತಂವ ಮನ್ಯಾಗ ಇದ್ರ ಇಂಥಾವು ಆಗಾವ. ಬಿಜಾಪುರದ ಕಾಲೇಜಿನ್ಯಾಗ ಆಸಿಡ್ಡು-ಬೇಸಿನ ಪಾಠ ಮುಗಿಯೂತನಾ ಕುಂತೆ, ಬ್ಯಾಸರಾತು, ಎದ್ದ ನಮ್ಮೂರ ಇಂಡಿಗಿ ಬಂದೆ. ಎಪ್ಪತ್ತರ ದಶಕದ ಮಾತು. ಆಗ ಅಣ್ಣಗ ಕನ್ಯಾ ನೋಡಾಕತ್ತಿದ್ರು. ಅವನ ಲಗ್ನದ ಚಿಂತ್ಯಾಗ ಅವ್ವ ಸೊರಗಿದ್ಲು. ಅವನ ಸಂಗಾಟ ಹೋಗಾಕ ಖಾಲಿ ಇದ್ದಂವ ನಾ ಒಬ್ಬನ.

ಸಿಂದಗಿ: ಕೆಂಪ ಅಂಗಿ

ಹೊಂಡೂ ಮುಂದ ಅಣ್ಣನ ಬಿಳಿ ಅಂಗಿ ಮ್ಯಾಲ ಸಾರು ಚೆಲ್ಲಿತು. "ತಡಿ, ನಾ ಅದೀನಲ್ಲ" ಅಂತ ಬಟ್ಟಿ ಸೋಡಾ ಹಚ್ಚಿ ತಿಕ್ಕಿದೆ. ಸಾರಿನ್ಯಾಗಿನ ಅರಿಶಿಣ ರಕ್ತದಂಗ ಕೆಂಪಗ ತಿರುಗಿತು. ಬಸ್ ಹಾರ್ನ್ ಹೊಡ್ಯಾಕತ್ತಿತ್ತು, ಹಂಗ ಹೋದಿವಿ.

ಹುಡುಗಿ ಅಜ್ಜ ಅಣ್ಣನ ಎದಿ ನೋಡಿ, "ಯಾರನ್ನ ಕಡದ ಬಂದೀಪಾ?" ಅಂದ.

"ಅಜ್ಜಾರ, ಅದು ಅರಿಶಿಣರಿ," ಅಂದೆ ನಾ. "ಸೋಡಾದಾಗ ತೊಳದ್ರ ಕೆಂಪ ಆಗತೈತಿ."

"ಅಂದ್ರ ಕಡದು, ತೊಳಕೊಂಡೂ ಬಂದೀರಿ!"

ತಿರುಗಿ ಬರಾಗ ಬಸ್ಸಿನ್ಯಾಗ ಅಂಗಿಗಿ ಲಿಂಬಿಹಣ್ಣ ಹಿಂಡಿದೆ. ಅಂಗಿ ಮತ್ತ ಹಳದಿ ಆತು. ಅಣ್ಣ ಮಾತ್ರ ಕೆಂಪಗ ಇದ್ದ.

ಮುದ್ದೇಬಿಹಾಳ: ಸುಣ್ಣ

ಅಲ್ಲಿ ಅಣ್ಣಗ ಅಂಜಿಕಿ. ಧೈರ್ಯ ಬರಲಿ ಅಂತ ನಾನ ಎಲಿ ಕಟ್ಟಿಕೊಟ್ಟೆ, ಸುಣ್ಣ ಕೈಬಿಟ್ಟ ಹಚ್ಚಿ. ಸುಣ್ಣ ಬೇಸ್ ಅನ್ನೂದು ಗೊತ್ತಿತ್ತು. ನಾಲಿಗಿ ಅಂದ್ರ ಗ್ವಾಡಿ ಅಲ್ಲ ಅನ್ನೂದು ಪಾಠದಾಗ ಇರಲಿಲ್ಲ.

"ಹೆಸರೇನ್ರಿ?" ಅಂದ್ಲು ಹುಡುಗಿ ಅವ್ವ.

"ಊ..." ಅಂದ ಅಣ್ಣ. ಬಾಯಿ ತುಂಬ ಬೆಂಕಿ.

"ಅಂವ ಮಾತು ಕಡಿಮಿ ಆಡ್ತಾನ್ರಿ," ಅಂತ ನಾ ಸಂಭಾಳಿಸಿದೆ.

"ಕಡಿಮಿ ಆಡೂ ಗಂಡ ಛಲೋನ ಬಿಡು. ಆದ್ರ ತನ್ನ ಹೆಸರರ ಬರಬೇಕಲ್ಲೋ ತಮ್ಮಾ!"

ಬಸವನ ಬಾಗೇವಾಡಿ: ನೊರಿ

"ಇದೂ ತಪ್ಪಿತು ಅಂದ್ರ ಇವಗ ಯಾರೂ ಹುಡುಗಿ ತೋರ್ಸಂಗಿಲ್ಲ. ನೀ ಏನೂ ಮುಟ್ಟಬ್ಯಾಡ," ಅಂತ ಅವ್ವ ನನಗ ತಾಕೀತ ಮಾಡಿ, ಅಪ್ಪನ್ನೂ ಕಾವಲಿಗಿ ಕಳಿಸಿದ್ಲು. ಬೀಗ್ರಿಗಿ ಕೊಡಾಕಂತ ನಾವು ಒಂದ ಚೀಲ ಇಂಡಿ ಲಿಂಬಿಹಣ್ಣ ಒಯ್ದಿದ್ವಿ.

ಹುಡುಗಿ ಅಣ್ಣಗ ಪಸಂದ, ಅಣ್ಣ ಹುಡುಗಿಗಿ ಪಸಂದ. ಖುಷಿಲೆ ಹೋಳಿಗಿ ಮ್ಯಾಲ ಹೋಳಿಗಿ, ತುಪ್ಪದ ಮ್ಯಾಲ ತುಪ್ಪ. ಅಣ್ಣ ನನ್ನ ಕಿವ್ಯಾಗ, "ಹೊಟ್ಟಿ ಉಬ್ಬೇತಲೇ, ಏನರ ಮಾಡು. ಆದ್ರ ಸುಣ್ಣ ಬ್ಯಾಡ," ಅಂದ.

ಒಳಗ ಹೋಗಿ ಭಜಿಗಿ ಹಾಕೂ ಸೋಡಾ ಕೇಳಿ ತಂದೆ. ಒಂದ ಚಮಚೆ ಅವನ ಬಾಯಾಗ ಹಾಕಿ, ಮ್ಯಾಲ ಲಿಂಬಿಹಣ್ಣ ಹಿಂಡಿದೆ. ಗಿಲಾಸಿನ್ಯಾಗ ಕಲಿಸಿ ಕುಡಸಬೇಕಿತ್ತು, ಖರೇ. ಬುಸ್ ಅಂತ ಬಾಯಿಂದ, ಮೂಗಿಂದ ನೊರಿ! ಅಣ್ಣ ಕಣ್ಣ ಮ್ಯಾಲ ಮಾಡಿದ.

"ಫಿಟ್ಸ್! ಹುಡುಗಗ ಫಿಟ್ಸ್ ಐತಿ!" ಅಂತ ಹುಡುಗಿ ಅಪ್ಪ ಒದರಿ, ತನ್ನ ಚಪ್ಪಲಿನ ತಂದ ಅಣ್ಣನ ಮೂಗಿಗಿ ಹಿಡದ. ನಮ್ಮಪ್ಪ ತಲಿ ಮ್ಯಾಲ ಕೈ ಹೊತ್ತ ಕುಂತ.

"ಚಪ್ಪಲಿ ತಗೀರಿ ಮಾವಾರ! ಅದು ಬರೇ ಗ್ಯಾಸ್!" ಅಂತ ಎಲ್ಲಾರ ಮುಂದ ಗಿಲಾಸಿನ್ಯಾಗ ನೀರು, ಲಿಂಬಿ, ಸೋಡಾ ಕಲಿಸಿ ಬುಸ್ ಅನಸಿ ತೋರ್ಸಿದೆ.

ಮಾವ ಗಿಲಾಸ ಕಸಗೊಂಡ. "ಗ್ಯಾಸ್ ಅಂದ್ರ ನನಗ ಹೇಳಬ್ಯಾಡ. ವರ್ಷಾನಗಟ್ಟಲೆ ಅದರ ಸಂಗಾಟ ಸಂಸಾರ ಮಾಡೇನಿ," ಅಂತ ಗಟಗಟ ಕುಡದ. ಆಮ್ಯಾಲ ಒಂದ ತೇಗು ಬಂತ ನೋಡ್ರಿ, ಅಂಗಳದಾಗಿನ ಕೋಳಿ ಮಾಳಗಿ ಏರಿದುವು!

"ಯಪ್ಪಾ, ಹಗುರಾತು!" ಅಂತ ಮಾವ ಎದಿ ಸವರಿಕೊಂಡ. "ಬೀಗ್ರ, ದೊಡ್ಡವಗ ಹುಡುಗಿ ಕೊಟ್ಟೇನಿ. ಸಣ್ಣವನ್ನ ಇಲ್ಲೇ ಬಿಟ್ಟ ಹೋಗ್ರಿ."

ಅಪ್ಪ ತಲಿಮ್ಯಾಲಿನ ಕೈ ತಗದ. ಇಷ್ಟ ಸಮಾಧಾನದ ಮಾರಿ ನಾ ಅವಂದು ಯಾವಾಗೂ ನೋಡಿದ್ದಿಲ್ಲ.

"ಇವತ್ತಿಂದನ ಇಟ್ಟಕೋರ್ರಿ. ಅವನ ಅಂಗಿ-ಅರಿವಿ ನಾಳಿ ಬಸ್ಸಿಗಿ ಕಳಸ್ತೇನಿ."